ದೊಡ್ಡದರ ಜಾಗ

ನನ್ನ ಗಂಡ ದುಬೈಗೆ ಹೋಗುವಾಗ ನನಗೆ ಒಪ್ಪಿಸಿ ಹೋದದ್ದು ಎರಡು: ಅವರ ತಾಯಿ, ಮತ್ತು ಉಪ್ಪುನೀರಿನ ಅಕ್ವೇರಿಯಂನಲ್ಲಿದ್ದ ಜೋಡಿ ಮೀನು. ಬೆರಳುದ್ದದ ಡ್ವಾರ್ಫ್ ಏಂಜೆಲ್‌ಗಳು. ಕೆಂಡದ ಬಣ್ಣ, ಮೈಮೇಲೆ ಕಪ್ಪು ಪಟ್ಟೆ. ದೊಡ್ಡದು ಗಂಡು, ಸಣ್ಣದು ಹೆಣ್ಣು. ಗಂಡಿಗೆ ಭಾರೀ ಪೊಗರು. ಕಲ್ಲಿನ ಸಂದಿಯಿಂದ ನುಗ್ಗಿ ಬಂದು ಟಕ್ ಟಕ್ ಎಂದು ಸದ್ದು ಮಾಡಿದರೆ ಹೆಣ್ಣು ಹಿಂದೆ ಸರಿಯಬೇಕು. ನನಗೆ ಅವುಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ಮನೆಗೆಲಸವೇ ಮುಗಿಯದಿರುವಾಗ ಮೀನಿನ ಚಾಕರಿ ಬೇರೆ!

ನೀರು ಬದಲಿಸಲು ನಾವು ಅಂಗಡಿಯ ಉಪ್ಪು ಕಲಸುತ್ತಿರಲಿಲ್ಲ. ಕಾಸರಗೋಡಿನಲ್ಲಿ ಕಡಲು ಮಗ್ಗುಲಲ್ಲೇ ಇರುವಾಗ ಅದಕ್ಕೆಂದು ಉಪ್ಪು ಕೊಂಡರೆ ಜನ ನಕ್ಕಾರು. ರಿಕ್ಷಾದಲ್ಲಿ ಕ್ಯಾನು ಹಾಕಿಕೊಂಡು ಹೋಗಿ ತುಂಬಿಸಿ ತರುವುದು. "ಮಳೆಗಾಲದಲ್ಲಿ ಅಳಿವೆಯ ಹತ್ತಿರ ಮಾತ್ರ ತುಂಬಿಸ್ಬೇಡ" ಎಂದು ಅವರು ಹೇಳಿ ಹೋಗಿದ್ದರು. ಆ ಜೂನಿನಲ್ಲಿ ಅತ್ತೆಗೆ ಜ್ವರ. ಕಡಲ ನೀರಿನಲ್ಲೂ ಇದು ಅದು ಅಂತ ಉಂಟಾ ಎಂದು ಗೊಣಗಿಕೊಂಡು, ಹತ್ತಿರವಾಗುತ್ತದೆಂದು ಹೊಳೆ ಕಡಲು ಸೇರುವಲ್ಲೇ ತುಂಬಿಸಿದೆ. ಅದು ಮುಕ್ಕಾಲು ಹೊಳೆಯ ಸಿಹಿನೀರು. ಮರುದಿನ ಬೆಳಿಗ್ಗೆ ದೊಡ್ಡದು ಸತ್ತು ತೇಲುತ್ತಿತ್ತು. ಸಣ್ಣದು ಹೇಗೋ ಉಳಿಯಿತು.

ಫೋನಿನಲ್ಲಿ "ಮೀನು ಹೇಗುಂಟು?" ಎಂದು ಕೇಳಿದರು. "ಉಂಟು" ಎಂದೆ. ಹೆದರಿಕೆಯಾಗಿತ್ತು ನನಗೆ.

ಕೆಲವು ವಾರ ಕಳೆದಿರಬೇಕು. ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದೆ. ಬೆನ್ನ ಹಿಂದೆ ಟಕ್ ಟಕ್. ತಿರುಗಿ ನೋಡಿದರೆ, ಸತ್ತದ್ದು ನಿಲ್ಲುತ್ತಿದ್ದ ಜಾಗದಲ್ಲೇ ಸಣ್ಣದು ನಿಂತು ನನ್ನನ್ನು ನೋಡುತ್ತಿತ್ತು. ದಿನ ಹೋದಂತೆ ಅದು ದಪ್ಪವಾಯಿತು. ಸತ್ತದ್ದಕ್ಕಿದ್ದ ಅದೇ ನೀಲಿ ಗೆರೆ ರೆಕ್ಕೆಯ ತುದಿಗೆ ಬಂತು.

"ಸತ್ತದ್ದು ವಾಪಸ್ ಬಂದದ್ದಾ ಎಂತ?" ಎಂದ ಅತ್ತೆ ಆ ಕೋಣೆಗೆ ಬರುವುದನ್ನೇ ಬಿಟ್ಟರು. ನಾನು ನಕ್ಕೆ. ಆದರೆ ಅದಕ್ಕೆ ಬೆನ್ನು ಹಾಕಿ ಕೂರುವ ಧೈರ್ಯ ನನಗೂ ಇರಲಿಲ್ಲ. ಗಂಡನ ಬೆತ್ತದ ಕುರ್ಚಿಯಲ್ಲಿ, ಮೀನಿಗೆ ಮುಖ ಮಾಡಿ ಕೂರತೊಡಗಿದೆ. ಬ್ಯಾಂಕಿನ ಕಾಗದ, ಪಂಚಾಯತಿಗೆ ಅರ್ಜಿ, ಹಂಚು ಹೊದೆಸುವವರ ಜೊತೆ ಜಗಳ, ಎಲ್ಲ ಆ ಕುರ್ಚಿಯಿಂದಲೇ ನಡೆಯಿತು. ಅವರು ಯಾವಾಗ ಬಂದಾರು ಎಂದು ದಿನ ಎಣಿಸಿದವಳೂ ನಾನೇ.

ಎರಡು ವರ್ಷ ಕಳೆದು ಬಂದರು. ರಜೆಯಲ್ಲ, ಕೆಲಸ ಬಿಟ್ಟೇ ಬಂದದ್ದು. ಚಹಾ ಕುಡಿಯುವ ಮೊದಲೇ ಅಕ್ವೇರಿಯಂನ ಮುಂದೆ ಬಗ್ಗಿ ಗಾಜಿಗೆ ಬೆರಳಿಟ್ಟರು. ಮೀನು ಬಾಣದ ಹಾಗೆ ನುಗ್ಗಿ ಬಂದು ಬೆರಳಿದ್ದಲ್ಲಿಗೇ ಗುದ್ದಿತು.

"ಇದು ಸಣ್ಣದಲ್ವಾ? ದೊಡ್ಡದು ಎಲ್ಲಿ?"

ಅಳುತ್ತ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ಗಂಡು ಇಲ್ಲದಿದ್ರೆ ಹೆಣ್ಣೇ ಗಂಡಾಗ್ತದೆ ಮಾರಾಯ್ತಿ. ಈ ಮೀನಿನ ಜಾತಿಯೇ ಹಾಗೆ."

"ಹಾಗಾದ್ರೆ ಇನ್ನೊಂದು ದೊಡ್ಡದನ್ನು ತಂದು ಬಿಡಿ."

"ಆಗ್ಲಿಕ್ಕಿಲ್ಲ. ಜಾಗ ಬಿಟ್ಟುಕೊಡುದಿಲ್ಲ ಅದು. ಬಂದದ್ದನ್ನು ಕಚ್ಚಿ ಕೊಲ್ತದೆ."

ಬೆನ್ನು ನೆಟ್ಟಗೆ ಮಾಡಿ, ಕೂರಲೆಂದು ತಿರುಗಿ ನೋಡಿದರು. ಆಗಲೇ ನನಗೆ ಹೊಳೆದದ್ದು, ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಏಳಬೇಕು ಎಂದುಕೊಂಡೆ. ಏಳಲಿಲ್ಲ. ಅವರು ಬಾಗಿಲ ಹತ್ತಿರ ನೆಂಟರಿಗೆಂದು ಇಟ್ಟಿದ್ದ ಸ್ಟೂಲಿನಲ್ಲಿ ಕೂತರು.