ಬದರಿನಾಥರ ಜೇಬಿನ ಬ್ರಹ್ಮಾಸ್ತ್ರ

ಅಮೆರಿಕದ ಜಾರ್ಜಿಯಾ ರಾಜ್ಯದ ನಾರ್‌ಕ್ರಾಸಿನ ಬದರಿನಾಥರು ತಮ್ಮದು ಮೈಸೂರು ಅರಮನೆಯ ಸೇನೆಗೆ ಸೇರಿದ ವಂಶ ಎಂದು ಹೇಳಿಕೊಳ್ಳುತ್ತಾರೆ. ಸುಳ್ಳಲ್ಲ. ಅವರ ಮುತ್ತಾತ ಅರಮನೆಯ ಲಾಯದಲ್ಲಿ ಕುದುರೆಗಳಿಗೆ ಹುರುಳಿ ಅಳೆದು ಹಾಕುತ್ತಿದ್ದರು. ಕುದುರೆಗಳು ಹುರುಳಿ ತಿಂದವು, ಸವಾರರು ಕುದುರೆ ಹತ್ತಿದರು, ಹೀಗೆ ಶೌರ್ಯವೆಂಬುದು ಹುರುಳಿಯ ಮೂಲಕ ಮನೆತನಕ್ಕೆ ಇಳಿದು ಬಂತು. ಮೂರು ತಲೆಮಾರು ಯಾರ ಕಣ್ಣಿಗೂ ಬೀಳದೆ ಮಲಗಿದ್ದ ಆ ಶೌರ್ಯ 2022ರ ಬೇಸಿಗೆಯಲ್ಲಿ ಜಾರ್ಜಿಯಾದ ಒಂದು ಪಾರ್ಕಿಂಗ್ ಲಾಟಿನಲ್ಲಿ ಕಣ್ಣುಬಿಟ್ಟಿತು.

ಅಲ್ಲಿಯವರೆಗೆ ಅವರ ಬದುಕು ಬ್ಯಾಕಪ್ಪಿನ ಬದುಕು. 1998ರಲ್ಲಿ ಅಮೆರಿಕಕ್ಕೆ ಬಂದವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಂಪನಿಗಳ ಡೇಟಾಬೇಸುಗಳನ್ನು ಕಾಪಾಡಿದರು. ಪ್ರತಿಯೊಂದಕ್ಕೂ ಎರಡು ಪ್ರತಿ, ಎರಡನೆಯದಕ್ಕೆ ಇನ್ನೊಂದು. ಮನೆಯಲ್ಲೂ ಹಾಗೆಯೇ. ಬೀಗದ ಕೈ ಮೂರು ಜೊತೆ, ಕನ್ನಡಕ ನಾಲ್ಕು, ಕುಕ್ಕರಿನ ಗ್ಯಾಸ್ಕೆಟ್ ಒಂದು ಡಜನ್. ಇಷ್ಟೆಲ್ಲ ಎಚ್ಚರವಿದ್ದ ಮನುಷ್ಯನ ಕಾರಿನ ಗಾಜನ್ನು ಇಂಡಿಯನ್ ಗ್ರೋಸರಿಯ ಎದುರು ಹಾಡುಹಗಲೇ ಯಾರೋ ಒಡೆದರು. ಹೋದದ್ದು ಒಂದು ಫೋನ್ ಚಾರ್ಜರ್ ಮತ್ತು ಒಂದು ಕಟ್ಟು ಕರಿಬೇವು. ಚಾರ್ಜರಿಗೆ ಬ್ಯಾಕಪ್ ಇತ್ತು. ಕರಿಬೇವಿಗೆ ಇರಲಿಲ್ಲ.

ಮಾರನೆಯ ದಿನವೇ ಬಂದೂಕಿನ ಅಂಗಡಿ ಹೊಕ್ಕರು. ಆ ವರ್ಷವೇ ಜಾರ್ಜಿಯಾದಲ್ಲಿ ಪಿಸ್ತೂಲು ಜೇಬಿಗಿಳಿಸಲು ಪರ್ಮಿಟ್ ಬೇಕಿಲ್ಲ ಎಂದಾಗಿತ್ತು, ಬದರಿನಾಥರು ಸಿಟಿಜನ್ ಆಗಿಯೂ ಎರಡು ವರ್ಷವಾಗಿತ್ತು. ಗೋಡೆಯ ತುಂಬ ನೇತಾಡುತ್ತಿದ್ದ ಮಹಾಯುಧಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದರು, ಮಣಿಕಟ್ಟು ನೋಯಿತು. ಕೊನೆಗೆ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಅಂಗೈಯಷ್ಟೇ ಇದ್ದ ಒಂದು ಪಾಯಿಂಟ್ ಟೂ ಫೈವ್ ಪಿಸ್ತೂಲು ಕಣ್ಣಿಗೆ ಬಿತ್ತು. ಅದರ ಗುಂಡುಗಳು ಕಡಲೆಬೀಜದಷ್ಟು. ಹಿಡಿಯ ಮೇಲೆ ಎರಡು ಬೆರಳಿಗೆ ಜಾಗ, ಉಳಿದ ಬೆರಳುಗಳು ಗಾಳಿಯಲ್ಲಿ. ಅಂಗಡಿಯವನು, “ಏನೂ ಇಲ್ಲದ್ದಕ್ಕಿಂತ ವಾಸಿ ಸರ್,” ಎಂದ. ಅದನ್ನು ಬದರಿನಾಥರು ಹೊಗಳಿಕೆಯೆಂದು ತಿಳಿದರು. ಜುಬ್ಬದ ಜೇಬಿಗೆ ಹಾಕಿ ನೋಡಿದರು. ಉಬ್ಬೇ ಕಾಣಲಿಲ್ಲ. ವ್ಯಾಪಾರ ಕುದುರಿತು.

ಒಗೆಯುವ ಮೊದಲು ಜೇಬು ತಡಕುವುದು ಅವರ ಹೆಂಡತಿ ವಸಂತಾರ ಮೂವತ್ತು ವರ್ಷದ ಅಭ್ಯಾಸ. ಆ ವಾರವೇ ವಾಷಿಂಗ್ ಮಶೀನಿನ ಮುಂದೆ ಆಯುಧ ಸಿಕ್ಕಿಬಿತ್ತು.

“ಏನ್ರೀ ಇದು, ನಶ್ಯದ ಡಬ್ಬಿನಾ?”

“ನಿನ್ನ ರಕ್ಷಣೆಗೆ ಕಣೇ.”

“ನನ್ನ ರಕ್ಷಣೆ ಮಾಡೋ ಸಾಮಾನನ್ನ ಜುಬ್ಬದಲ್ಲಿಟ್ಟು ಬಾತ್‌ರೂಮ್ ಬಾಗಿಲ ಹಿಂದೆ ನೇತು ಹಾಕಿದ್ದೀರಲ್ಲ, ನಾನೇನು ಸ್ನಾನಕ್ಕೆ ಹೋದಾಗ ಮಾತ್ರ ಅಪಾಯದಲ್ಲಿರ್ತೀನಾ?”

ಅಂದಿನಿಂದ ಆ ಪಿಸ್ತೂಲಿಗೆ ಮನೆಯಲ್ಲಿ ನಶ್ಯದ ಡಬ್ಬಿ ಎಂದೇ ಹೆಸರು. ಅದನ್ನು ಬೀಗ ಹಾಕಿ ಇಡಿ ಎಂದು ವಸಂತಾ ಹೇಳುತ್ತಲೇ ಬಂದರು. ಬೀಗ ತೆಗೆಯುವಷ್ಟರಲ್ಲಿ ಶತ್ರು ಒಳಗೆ ಬಂದಿರುತ್ತಾನೆ ಎಂದು ಬದರಿನಾಥರು ಹೇಳುತ್ತಲೇ ಬಂದರು. ಶತ್ರು ಒಮ್ಮೆ ಬಂದದ್ದೂ ಹೌದು. ಗ್ರೋಸರಿಯ ಎದುರು ಎತ್ತರದ ಆಳೊಬ್ಬ ಹಿಂದಿನಿಂದ “ಸರ್” ಎಂದು ಕೂಗುತ್ತ ಓಡಿ ಬಂದ. ಬದರಿನಾಥರು ಗರಕ್ಕನೆ ತಿರುಗಿ ಜೇಬಿಗೆ ಕೈಹಾಕಿ ಅವನ ಎದೆಗೆ ಗುರಿಯಿಟ್ಟರು. ಕೈಗೆ ಬಂದದ್ದು ಕನ್ನಡಕದ ಡಬ್ಬಿ. ಅವನು ಕೊಡಲು ಬಂದದ್ದು ಇವರು ಬೀಳಿಸಿದ್ದ ಕೊತ್ತಂಬರಿ ಸೊಪ್ಪು.

ಈ ಚಿಕ್ಕ ಪಿಸ್ತೂಲಿಗೆ ಗುಣವೇ ಇಲ್ಲವೆಂದಲ್ಲ. ಅದನ್ನು ನ್ಯಾಯವಾಗಿ ತೂಗಿದವರು ನವಾಬ್. ಮೈಸೂರಿನ ಮಂಡಿ ಮೊಹಲ್ಲಾದವರು, ನಾರ್‌ಕ್ರಾಸಿನಲ್ಲಿ ವೈರಿಂಗ್ ಕೆಲಸ ಮಾಡಿಸುತ್ತ ಮೂವತ್ತು ವರ್ಷ ಕಳೆದವರು, ಶನಿವಾರಗಳಂದು ಶೂಟಿಂಗ್ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಹಾಕಿ ಬರುವುದು ಅವರ ಹವ್ಯಾಸ.

“ನೋಡಿ ಬದರಿ,” ಎಂದರು ನವಾಬ್, ಅದನ್ನು ಅಂಗೈ ಮೇಲಿಟ್ಟುಕೊಂಡು. “ದೊಡ್ಡ ಗನ್ನು ಭಾರ ಅಂತ ಜನ ಮನೇಲಿಟ್ಟು ಹೋಗ್ತಾರೆ. ಇದು ಜೊತೇಲೇ ಇರುತ್ತೆ. ಹೊಡೆದಾಗ ಕೈಗೆ ಒದೆಯಲ್ಲ. ಮೂತಿ ನೋಡಿಯೇ ಓಡಿಹೋಗೋ ಕಳ್ಳ ಸಿಕ್ಕಿದ್ರೆ ನಿಮ್ಮ ಪುಣ್ಯ.”

“ಓಡದಿದ್ರೆ?”

“ಓಡದಿದ್ರೆ ಕಷ್ಟ. ಗುರಿಯಿಡೋಕೆ ಮೇಲೆ ಒಂದು ಗೀರಿದೆ ಅಷ್ಟೆ. ಡಿಸೆಂಬರ್ ಜಾಕೆಟ್ ಹಾಕ್ಕೊಂಡಿದ್ರೆ ಅವನು ತಿರುಗಿ ನಿಮ್ಮನ್ನೇ ಕೇಳ್ತಾನೆ, ಯಾಕ್ರೀ ಬೆನ್ನು ತಟ್ಟಿದ್ರಿ ಅಂತ.”

“ಅಂದ್ರೆ ಸಾಯಲ್ವಾ?”

“ಸಾಯ್ತಾನೆ ಸ್ವಾಮಿ, ಸಾಯಲ್ಲ ಅಂತ ಯಾರಂದ್ರು. ನಾಳೆ ಆಸ್ಪತ್ರೇಲಿ ಸಾಯ್ತಾನೆ. ನಿಮಗೆ ಬೇಕಿರೋದು ಅವನು ಇವತ್ತು ನಿಲ್ಲೋದು. ಅದಕ್ಕೆ ಇದು ಗ್ಯಾರಂಟಿ ಕೊಡಲ್ಲ.”

ಬದರಿನಾಥರು ತಮಗೆ ಬೇಕಾದ ವಾಕ್ಯಗಳನ್ನಷ್ಟೇ ಮನೆಗೆ ಒಯ್ದರು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಗ್ಯಾರೇಜಿನಲ್ಲಿ ಎರಡು ಕಾರು, ಲಾನ್ ಮೋವರ್, ಸ್ಕ್ರೂಡ್ರೈವರುಗಳು, ಲ್ಯಾಪ್‌ಟಾಪ್, ವಸಂತಾರ ಮಿಕ್ಸಿ ಸಾಲಾಗಿ ನಿಂತವು. ಪಿಸ್ತೂಲಿನ ವಿಷಯ ಮಗಳು ರಚನಾಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಬದರಿನಾಥರೇ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದರು. ಆದರೆ ಆಯುಧಪೂಜೆಯ ದಿನ ಮನೆಯಲ್ಲಿರುವ ಒಂದೇ ಒಂದು ನಿಜವಾದ ಆಯುಧವನ್ನು ಬಚ್ಚಿಟ್ಟು ಮಿಕ್ಸಿಗೆ ಮಂಗಳಾರತಿ ಎತ್ತುವುದು ಹೇಗೆ? ಹುರುಳಿ ಅಳೆದ ಮುತ್ತಾತ ಏನೆಂದುಕೊಂಡಾರು? ನವಾಬರು ಹೇಳಿಕೊಟ್ಟಿದ್ದಂತೆ ಗುಂಡಿನ ಮ್ಯಾಗಜೀನನ್ನು ಹೊರತೆಗೆದು, ಒಳಗೂ ಗುಂಡಿಲ್ಲವೆಂದು ನೋಡಿ, ಬೆಳ್ಳಿ ತಟ್ಟೆಯ ಮೇಲೆ ಅದನ್ನು ಪ್ರತಿಷ್ಠಾಪಿಸಿದರು. ಅರಿಶಿನ, ಕುಂಕುಮ, ಗಂಧ ಹಚ್ಚಿದರು. ಮಂತ್ರ ಹೇಳುತ್ತ ಹಿಡಿ ಹಿಡಿ ಅಕ್ಷತೆ ಹಾಕಿದರು. ಇಷ್ಟು ಚಿಕ್ಕ ದೇವರಿಗೆ ಇಷ್ಟು ದೊಡ್ಡ ಪೂಜೆ ಜಾರ್ಜಿಯಾದಲ್ಲಿ ಹಿಂದೆ ನಡೆದಿರಲಾರದು.

ಅಷ್ಟರಲ್ಲಿ ರಚನಾ ತನ್ನ ಮಗಳು ಇಂದುವನ್ನು ಕರೆದುಕೊಂಡು ಬಂದಳು. ಇಂದುವಿಗೆ ನಾಲ್ಕು ವರ್ಷ. ಪ್ರತಿ ಬುಧವಾರ ರಚನಾ ಆಫೀಸಿಗೆ ಹೋದಾಗ ಈ ಮನೆಯಲ್ಲೇ ಇರುತ್ತಿದ್ದಳು. ವಸಂತಾರ ವಾರ ಬುಧವಾರದಿಂದ ಶುರುವಾಗಿ ಬುಧವಾರಕ್ಕೇ ಮುಗಿಯುತ್ತಿತ್ತು. ಮಿಕ್ಕ ದಿನಗಳು ಅದರ ತಯಾರಿ.

ಮಗು ಕಾರು ನೋಡಲಿಲ್ಲ, ಮಿಕ್ಸಿ ನೋಡಲಿಲ್ಲ. ನೇರ ತಟ್ಟೆಯ ಕಡೆ ಹೋಗಿ ಕೈಚಾಚಿತು. “ತಾತ, ದಿಸ್ ಟಾಯ್ ನನಗೆ?”

ಅಂಗೈಗೆ ಸರಿಯಾಗಿ ಕೂರುವ ಅಳತೆ. ಬದರಿನಾಥರ ಅಂಗೈಗಲ್ಲ, ಅವಳ ಅಂಗೈಗೆ.

ರಚನಾ ಮಗಳನ್ನು ಎತ್ತಿಕೊಂಡಳು. ಆಮೇಲೆ, “ಇದನ್ನ ಎಲ್ಲಿ ಇಡ್ತೀರಿ ಅಪ್ಪ?” ಎಂದಳು.

“ಸೇಫಾಗಿ ಇಟ್ಟಿದೀನಮ್ಮ.”

“ಅಮ್ಮ, ಎಲ್ಲಿ ಇಡ್ತಾರೆ?”

ವಸಂತಾ ಕೊಟ್ಟಿದ್ದ ಮಾತು ಪಿಸ್ತೂಲು ಇದೆ ಎನ್ನುವುದರ ಬಗ್ಗೆ. ಎಲ್ಲಿದೆ ಎನ್ನುವುದರ ಬಗ್ಗೆ ಅಲ್ಲ. “ಬಾತ್‌ರೂಮ್ ಬಾಗಿಲ ಹಿಂದೆ, ಜುಬ್ಬದಲ್ಲಿ,” ಎಂದರು.

“ಇದು ಈ ಮನೇಲಿ ಇರೋವರೆಗೂ ಇಂದು ಇಲ್ಲಿಗೆ ಬರಲ್ಲ,” ಎಂದಳು ರಚನಾ. ಹಬ್ಬದ ಊಟವನ್ನೂ ಮಾಡದೆ ಹೊರಟಳು.

“ಏನೋ ದೊಡ್ಡ ಫಿರಂಗಿ ಅನ್ನೋ ಹಾಗೆ ಆಡ್ತಾಳೆ,” ಎಂದರು ಬದರಿನಾಥರು ಕಾರು ಮರೆಯಾದ ಮೇಲೆ. “ನವಾಬ್ ಹೇಳಿದಾರೆ, ಜಾಕೆಟ್ ಹಾಕಿದ್ರೆ ಇದು ದಾಟೋದೇ ಇಲ್ಲ ಅಂತ.”

“ಹೌದಾ? ಕಳ್ಳನಿಗೆ ಸಾಲದೇ ಇರಬಹುದು. ನಾಲ್ಕು ವರ್ಷದ ಮಗುವಿಗೆ ಸಾಕು.”

ಮುಂದಿನ ಬುಧವಾರ ಮನೆಯಲ್ಲಿ ಸದ್ದೇ ಇರಲಿಲ್ಲ. ಅದರ ಮುಂದಿನದೂ ಹಾಗೆಯೇ. ವಸಂತಾ ಅಭ್ಯಾಸಬಲದಿಂದ ಪುಟ್ಟ ತಟ್ಟೆಗೆ ತುಪ್ಪದನ್ನ ಕಲಸಿ, ತಾವೇ ಕೂತು ತಿಂದರು. ಬದರಿನಾಥರು ಜುಬ್ಬ ತೊಟ್ಟು ಕಿಟಕಿಯಲ್ಲಿ ನಿಂತು ಗಸ್ತು ನಡೆಸಿದರು. ಎರಡು ಅಳಿಲುಗಳನ್ನು ಬಿಟ್ಟರೆ ಯಾವ ಶತ್ರುವೂ ಗಡಿ ದಾಟಲಿಲ್ಲ.

ಮೂರನೆಯ ಬುಧವಾರ ವಸಂತಾ ತಟ್ಟೆ ತೊಳೆದಿಟ್ಟು ಬಂದು ಗಂಡನ ಎದುರು ಕೂತರು. “ರೀ, ಶನಿವಾರ ನವಾಬ್ ಅವರ ಜೊತೆ ರೇಂಜಿಗೆ ಹೋಗೋಣ. ನಾನೂ ಬರ್ತೀನಿ. ಈ ಡಬ್ಬಿಯಲ್ಲಿ ಆರು ಸಲ ಹೊಡೀರಿ. ಆರೂ ಹಾರಿದ್ರೆ ನಾನು ಬಾಯಿ ಮುಚ್ಕೋತೀನಿ, ರಚನಾ ಹತ್ರ ನಾನೇ ಮಾತಾಡ್ತೀನಿ. ಒಂದು ನಿಂತ್ರೂ ಇದು ಮನೆ ಬಿಡಬೇಕು.”

ಬದರಿನಾಥರು ನಕ್ಕರು. ಸವಾಲನ್ನು ಒಪ್ಪಿದರು. ಕೊಂಡಾಗಿನಿಂದ ಒಂದು ಗುಂಡನ್ನೂ ಹೊಡೆದಿರಲಿಲ್ಲ ಎಂಬುದು ಅವರಿಗೆ ಅಷ್ಟು ಮುಖ್ಯವೆನಿಸಲಿಲ್ಲ.

ಶನಿವಾರ ರೇಂಜಿನಲ್ಲಿ ನವಾಬ್ ಮೊದಲು ಪಿಸ್ತೂಲನ್ನು ತಿರುಗಿಸಿ ನೋಡಿದರು. “ಕುಂಕುಮ ಇನ್ನೂ ಇದೆಯಲ್ರೀ. ಒರೆಸಿಲ್ವಾ?”

“ಪೂಜೆ ಮಾಡಿದ್ದನ್ನ ಒರೆಸೋದಾ? ಇವತ್ತಿಗೆ ಅದೇ ಶ್ರೀರಕ್ಷೆ.”

“ಬಟ್ಟೆ ಕೊಡ್ತೀನಿ, ಎರಡು ನಿಮಿಷ.”

“ಬೇಡ.”

ನವಾಬ್ ವಸಂತಾರನ್ನು ನೋಡಿದರು. ವಸಂತಾ ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳವನ್ನು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಅಕ್ಕಪಕ್ಕದ ಸಾಲುಗಳಲ್ಲಿ ಸಿಡಿಲು ಬಡಿದಂತೆ ಸದ್ದು. ಏಳು ಗಜ ದೂರದಲ್ಲಿ ಕಾಗದದ ಕಳ್ಳ ನಿಂತಿದ್ದ. ಬದರಿನಾಥರು ಕಾಲು ಅಗಲಿಸಿ, ಎರಡು ಬೆರಳಿನ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಪಿಸ್ತೂಲಿನ ಕುದುರೆ ಎಳೆದರು. ಚಟ್ ಎಂದಿತು. ದೀಪಾವಳಿಯ ಕೇಪಿನಷ್ಟು. ಕಳ್ಳನ ಕಿವಿಯ ಅಂಚಿನಲ್ಲಿ ಓಲೆ ಚುಚ್ಚಿದಷ್ಟು ತೂತು ಮೂಡಿತು.

“ನೋಡಿದ್ಯಾ,” ಎಂದರು ಬದರಿನಾಥರು.

“ನೋಡಿದೆ. ಕಿವಿ ಚುಚ್ಚಿದ್ದಾಯ್ತು, ಇನ್ನು ಐದಿದೆ,” ಎಂದರು ವಸಂತಾ.

ಎರಡನೆಯದಕ್ಕೆ ಕುದುರೆ ಎಳೆದರೆ ಏನೂ ಆಗಲಿಲ್ಲ. ಗುಂಡು ತಡವಾಗಿ ಸಿಡಿದೀತೆಂದು ನವಾಬ್ ಬದರಿನಾಥರ ಕೈ ಅಲುಗದಂತೆ ಹಿಡಿದು, ಮೂತಿ ಕಾಗದದ ಕಡೆಗೇ ಇರುವಂತೆ ಅರ್ಧ ನಿಮಿಷ ನಿಲ್ಲಿಸಿದರು. ಆ ಅರ್ಧ ನಿಮಿಷದಲ್ಲಿ ನಿಜವಾದ ಕಳ್ಳನಾಗಿದ್ದರೆ ಕರಿಬೇವಿನ ಜೊತೆಗೆ ಕಾರನ್ನೂ ಒಯ್ದಿರುತ್ತಿದ್ದ. ಆಮೇಲೆ ಬದರಿನಾಥರು ಹಿಂದಕ್ಕೆ ಜಾರುವ ಮೇಲುಭಾಗವನ್ನು ಹಿಡಿದು ಎಳೆದರು. ಅದು ಅರ್ಧಕ್ಕೆ ನಿಂತಿತು. ಇನ್ನೂ ಬಲವಾಗಿ ಎಳೆದರು. ಥಟ್ಟನೆ ಬಿಟ್ಟುಕೊಂಡು ಮುಂದಕ್ಕೆ ಹಾರಿ, ಜೊತೆಗೆ ಅವರ ಹೆಬ್ಬೆರಳಿನ ಚರ್ಮವನ್ನೂ ಕಚ್ಚಿಕೊಂಡಿತು.

ಆ ಆಯುಧ ಹರಿಸಿದ ಮೊಟ್ಟಮೊದಲ ರಕ್ತ ಅದು. ಕೊನೆಯದೂ ಅದೇ.

ನವಾಬ್ ಪಿಸ್ತೂಲನ್ನು ತೆಗೆದುಕೊಂಡು, ಗುಂಡುಗಳನ್ನೆಲ್ಲ ಹೊರತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಳಗೆ ಎಣ್ಣೆಯ ಜೊತೆ ಕುಂಕುಮ ಕಲಸಿ ಚಟ್ನಿಯಾಗಿತ್ತು. ಗುಂಡು ಕೂರಬೇಕಾದ ಜಾಗದಲ್ಲಿ ಒಂದು ಹಳದಿ ಅಕ್ಕಿಕಾಳು ಅಡ್ಡವಾಗಿ ಕೂತಿತ್ತು. ಪೂಜೆಯ ದಿನ ಮ್ಯಾಗಜೀನ್ ಇಲ್ಲದ ಖಾಲಿ ಹಿಡಿಯ ಬಾಯಿಗೆ ಬಿದ್ದ ಅಕ್ಷತೆ, ಮೊದಲ ಗುಂಡಿನ ಅದುರಿಗೆ ಸರಿದು ಅಲ್ಲಿಗೆ ಬಂದಿತ್ತು.

“ಬದರಿ, ದೊಡ್ಡ ಗನ್ನಾದ್ರೆ ಈ ಅಕ್ಕೀನ ಅರೆದು ಆಚೆ ಹಾಕ್ತಿತ್ತೇನೋ,” ಎಂದರು ನವಾಬ್. “ಇದಕ್ಕೆ ಒಂದು ಕಾಳೇ ಊಟ. ನೀವು ಜೇಬಲ್ಲಿ ಅಡಿಕೆ ಪುಡಿ ಬೇರೆ ಇಟ್ಟಿರ್ತೀರಿ. ಪೂಜೆ ಮಾಡದಿದ್ರೂ ಇವತ್ತಲ್ಲ ನಾಳೆ ಇದೇ ಗತಿ.”

“ದೇವರೇ ತಡೆದ,” ಎಂದರು ಬದರಿನಾಥರು ಗಂಭೀರವಾಗಿ, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು.

“ನೀವೇ ಹಾಕಿದ ಅಕ್ಷತೆ ರೀ ಅದು,” ಎಂದು ವಸಂತಾ ಕೈಚೀಲದಿಂದ ಬ್ಯಾಂಡ್‌ಏಡ್ ತೆಗೆದರು. ಇಂದುವಿಗೆಂದು ಇಟ್ಟುಕೊಂಡಿದ್ದದ್ದು. ಗುಲಾಬಿ ಬಣ್ಣ, ಮೇಲೆ ಮೊಲದ ಚಿತ್ರ.

ಬದರಿನಾಥರು ಕೈ ಚಾಚಿದರು. ಮೊಲ ಹೆಬ್ಬೆರಳನ್ನು ಸುತ್ತಿತು. ಬಿಚ್ಚಿದ ತುಂಡುಗಳನ್ನು ಒಮ್ಮೆ ನೋಡಿ, “ನವಾಬ್, ಇದನ್ನ ನಿಮ್ಮ ಮನೆ ಸೇಫಿನಲ್ಲಿ ಇಟ್ಕೊಳ್ಳಿ,” ಎಂದರು.

“ಎಷ್ಟು ದಿನ?”

ಬದರಿನಾಥರು ಬಾಯಿ ತೆರೆಯುವಷ್ಟರಲ್ಲಿ, “ಕೀ ನನಗೂ ಬೇಡ, ಇವರಿಗೂ ಬೇಡ ಅಣ್ಣ,” ಎಂದರು ವಸಂತಾ. ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ, ಆಚೆಯ ಸದ್ದಿನ ನಡುವೆ, ಪಿಸ್ತೂಲು ಮನೆ ಬಿಟ್ಟಿತೆಂದು ನವಾಬ್ ಅಂಕಲ್ ಬಾಯಿಂದಲೇ ಹೇಳಿಸಿದರು.

ಬುಧವಾರ ಇಂದು ಬಂದಳು. ಮಗಳನ್ನು ಕೆಳಗೆ ಬಿಡುವ ಮೊದಲು ರಚನಾ ಬಾತ್‌ರೂಮಿನ ಬಾಗಿಲ ಹಿಂದೆ ಹೋಗಿ ಜುಬ್ಬದ ಎರಡೂ ಜೇಬು ತಡಕಿದಳು. ಅಡಿಕೆ ಪುಡಿ ಸಿಕ್ಕಿತು. ಮಗಳನ್ನು ಇಳಿಸಿ ಆಫೀಸಿಗೆ ಹೊರಟಳು. ಇಂದು ತಾತನ ಹೆಬ್ಬೆರಳಿನ ಮೊಲವನ್ನು ನೋಡಿ, “ಅದು ನಂದು,” ಎಂದಳು. ಏನು ಕಚ್ಚಿತು ಎಂದು ಕೇಳಿದಳು. ತಾತ ಒಂದು ಮಹಾಯುದ್ಧವನ್ನು ಹೇಳಲು ಗಂಟಲು ಸರಿಮಾಡಿಕೊಂಡರು.

“ಸೊಳ್ಳೆ,” ಎಂದರು ವಸಂತಾ, ತುಪ್ಪದನ್ನ ಕಲಸುತ್ತ.

ಮರುವರ್ಷದ ಆಯುಧಪೂಜೆಯಲ್ಲಿ ಬೆಳ್ಳಿ ತಟ್ಟೆ ಖಾಲಿ ಇತ್ತು. ಬದರಿನಾಥರು ಅದನ್ನು ನೋಡಿ ನಿಟ್ಟುಸಿರಿಟ್ಟು ಲಾನ್ ಮೋವರಿಗೆ ಕುಂಕುಮ ಹಚ್ಚಲು ಬಗ್ಗಿದರು. ಎದ್ದು ತಿರುಗಿದರೆ ತಟ್ಟೆಯ ಮೇಲೆ ಬ್ಯಾಂಡ್‌ಏಡಿನ ಡಬ್ಬಿ ಕೂತಿತ್ತು.

“ಇದೇನೇ?”

“ಆವತ್ತು ಕೆಲಸ ಮಾಡಿದ್ದು ಇದೊಂದೇ ತಾನೇ,” ಎಂದರು ವಸಂತಾ. “ಹಾಕಿ ಅಕ್ಷತೆ.”