ನನ್ನನ್ನು ಕೆಲಸದಿಂದ ತೆಗೆದ ಮಗಳು

ಗಿಪ್ಸ್‌ಲ್ಯಾಂಡಿನ ನಮ್ಮ ಹೈನು ಫಾರ್ಮನ್ನು ಮಗಳು ಮೆರೆಡಿತ್‌ಗೆ ಬಿಟ್ಟುಕೊಟ್ಟ ದಿನ ನಾನು ಮಾಡಿದ ಭಾಷಣ ಕೇಳಿದ್ದರೆ, ಈ ಐವರ್ ಪೆನ್‌ಹಾಲೋ ರಾಜ್ಯ ತ್ಯಜಿಸಿ ಕಾಡಿಗೆ ಹೊರಟವನೆಂದೇ ನೀವು ತಿಳಿಯುತ್ತಿದ್ದಿರಿ. "ಇನ್ಮೇಲೆ ನಾನು ಯಾವುದಕ್ಕೂ ಬಾಯಿ ಹಾಕೋದಿಲ್ಲ" ಎಂದೆ. ಹುರಿದ ಕುರಿಮಾಂಸ ಬಡಿಸುತ್ತಿದ್ದ ಹೆಂಡತಿ ಊನಾ ಕೆಮ್ಮಿದಳು.

ಮರುದಿನ ಹಾಲು ಕರೆಯುವ ಕೊಟ್ಟಿಗೆಗೆ ಮಗಳಿಗಿಂತ ಮೊದಲೇ ಹಾಜರಾದೆ. ಯಂತ್ರದ ಸದ್ದು ಸರಿಯಿಲ್ಲ, ಕರುಗಳ ಹಾಲು ತಣ್ಣಗಿದೆ, ಗೇಟು ಹಾಕುವುದು ಹೀಗಲ್ಲ ಹಾಗೆ. ಪಾಪ, ವಸಂತದವರೆಗೂ ತಡೆದುಕೊಂಡಳು. ಬೇಸಿಗೆಯ ಒಣಹುಲ್ಲಿಗೆಂದು ಅವಳು ಬೇಲಿ ಕಟ್ಟಿ ಬೆಳೆಸಿದ್ದ ಬಯಲು ನೋಡಿ, ಹಸುಗಳು ಪಕ್ಕದಲ್ಲೇ ಬೋಳು ನೆಲ ನೆಕ್ಕುತ್ತಿವೆಯಲ್ಲ ಎಂದು ನನ್ನ ಕರುಳು ಚುರ್ರೆಂದಿತು. ಬೇಲಿ ಬಿಚ್ಚಿದೆ. ಸಂಜೆಯ ಹೊತ್ತಿಗೆ ಹುಲ್ಲೆಲ್ಲ ಗೊರಸಿನಡಿ ಕೆಸರಾಗಿತ್ತು.

"ಅಪ್ಪ, ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ."

"ನನ್ನ ಫಾರ್ಮಿಂದ ನನ್ನನ್ನೇ ಓಡಿಸ್ತೀಯಾ?"

"ಯಾರ ಫಾರ್ಮು?"

ಉತ್ತರ ಗೊತ್ತಿದ್ದರಿಂದ ಟೋಪಿ ಎತ್ತಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಕೂತು ಊನಾಳ ಅಡುಗೆಮನೆಯನ್ನು ತಿದ್ದಲು ಹೋದೆ. ಅಲ್ಲಿಂದಲೂ ಗೇಟ್‌ಪಾಸ್ ಸಿಕ್ಕಿತು. ದುಃಖ ಹೇಳಿಕೊಳ್ಳಲು ಪಕ್ಕದ ಫಾರ್ಮಿನ ಗೆಳೆಯ ಕ್ಲಾರಿಯ ಬಳಿ ಹೋದರೆ, ಅವನು ನನಗಿಂತ ಸಪ್ಪೆ ಮುಖ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ.

"ನಿನ್ನ ಮಗಳೇ ವಾಸಿ ಕಣೋ. ನನ್ನ ಮಗ ಟ್ರ್ಯಾಕ್ಟರ್ ಕೀನೇ ಬಚ್ಚಿಟ್ಟಿದಾನೆ!"

ಅಷ್ಟರಲ್ಲಿ ಆ ಮಗ, ಗ್ಲೆನ್, ಬಂದ. "ಐವರ್ ಅಂಕಲ್, ಹೊಸ ಕರುಗಳು ಬಕೆಟ್ಟಲ್ಲಿ ಕುಡೀತಿಲ್ಲ. ಕುಡಿಸೋಕೆ ಇನ್ನೊಂದು ಕೈ ಬೇಕು, ಸ್ವಲ್ಪ ಬರ್ತೀರಾ?"

ಹೋದೆ. ಕರುಗಳಿಗೆ ಕುಡಿಸಲು ಅವನು ಹೇಳಿದ ರೀತಿ ನನಗೆ ಶುದ್ಧ ಹುಚ್ಚಾಟವೆನಿಸಿತು. ಆದರೆ ಕರು ನನ್ನದಲ್ಲವಲ್ಲ! "ಆಗಲಪ್ಪ" ಎಂದು ಹಾಗೇ ಮಾಡಿದೆ. ಕರುಗಳು ಕುಡಿದವು. ಮಾರನೆಯ ದಿನವೂ ಕರೆದ. ವಾರದ ಕೊನೆಗೆ ಅವನು ಮೆರೆಡಿತ್‌ಗೆ ಸಿಕ್ಕಾಗ ಹೇಳಿದನಂತೆ: "ನಿಮ್ಮಪ್ಪ ಬಂಗಾರ ಕಣೇ. ಹೇಳಿದಷ್ಟು ಮಾಡ್ತಾರೆ, ತುಟಿ ಪಿಟಕ್ ಅನ್ನಲ್ಲ."

ಮಗಳು ನಕ್ಕು ನಕ್ಕು ನೆಲಕ್ಕೆ ಕೂತಳಂತೆ. ಎದ್ದವಳೇ ಹೋಗಿ ಕ್ಲಾರಿಯನ್ನು ಕೆಲಸಕ್ಕೆ ಕರೆದಳು.

ಈಗ ದಿನಾ ಬೆಳಗ್ಗೆ ನಾವಿಬ್ಬರೂ ರಸ್ತೆಯಲ್ಲಿ ಎದುರುಬದುರಾಗುತ್ತೇವೆ, ಅವನು ನಮ್ಮಲ್ಲಿಗೆ, ನಾನು ಅವರಲ್ಲಿಗೆ. "ಕ್ಲಾರಿ ಅಂಕಲ್ ಒಂದು ಮಾತಿಗೂ ಎದುರಾಡಲ್ಲ" ಎಂದು ಭಾನುವಾರದ ಊಟಕ್ಕೆ ಮಗಳು ಹೊಗಳಿದಾಗ ಹೊಟ್ಟೆ ಉರಿಯಿತು. ಮೊನ್ನೆ ಅವಳ ಹುಲ್ಲು ಮತ್ತೆ ಸೊಂಟದೆತ್ತರ ಬೆಳೆದದ್ದು ಕಂಡು, ನೋಡೋಣವೆಂದು ಕಾರು ನಿಲ್ಲಿಸಿದೆ. ಬೇಲಿಯಾಚೆಯಿಂದ ಕ್ಲಾರಿ ಕೂಗಿದ:

"ಏಯ್, ನಿನಗಿಲ್ಲೇನೋ ಕೆಲಸ? ಮುಂದೆ ನಡಿ!"