ಬಸ್ಸಿನಲ್ಲಿ ಮೂರು ಸಲ ಮಾತಾಡಿದ ಫೋನು

ದೆವ್ವ, ಗಾಳಿ, ಶಕುನ ಯಾವುದನ್ನೂ ನಾನು ನಂಬಿದವನಲ್ಲ. ಚಾಮರಾಜನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾ ತಲೆ ನರೆಸಿಕೊಂಡ ಮೇಷ್ಟ್ರು ನಾನು. ಯಾರಾದರೂ ವಿಚಿತ್ರ ಕಂಡೆ ಎಂದರೆ, ಅವತ್ತು ಊಟ ಏನು ಮಾಡಿದ್ದೆಯಪ್ಪಾ ಎಂದು ಕೇಳಿ ನಗುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನಗೇ ಆದ ಅನುಭವವನ್ನು ಹೇಳಿದರೆ ನೀವೂ ನನ್ನನ್ನು ಅದೇ ಪ್ರಶ್ನೆ ಕೇಳಬಹುದು. ಕೇಳಿ, ಬೇಜಾರಿಲ್ಲ. ಅವತ್ತು ನಾನಿನ್ನೂ ಊಟವನ್ನೇ ಮಾಡಿರಲಿಲ್ಲ.

ಮಾತಾಡುವ ಫೋನಿನ ಬಗ್ಗೆಯೂ ನನಗೆ ಆಗ ಅಂಥ ಗೌರವವೇನೂ ಇರಲಿಲ್ಲ. ನಮ್ಮ ಮನೆಯಲ್ಲಿ ಅದರ ಭಕ್ತೆ ನನ್ನ ಹೆಂಡತಿ ಮಂಗಳ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ನನ್ನ ಫೋನಿನ ಕಡೆ ತಿರುಗಿ, ನಾಳೆ ಆರಕ್ಕೆ ಎಬ್ಬಿಸು ಅನ್ನುವಳು, ತಂಗಿಗೆ ಫೋನ್ ಮಾಡು ಅನ್ನುವಳು. ಓದು ಬರಹ ಬಾರದ ನಮ್ಮತ್ತೆ ಅದಕ್ಕೆ ಪೋನಮ್ಮ ಎಂದು ಹೆಸರಿಟ್ಟು, ಅರಿಸಿನದ ರೇಟು, ಮಳೆಯ ಸುದ್ದಿ ಎಲ್ಲವನ್ನೂ ಅದರ ಬಾಯಿಂದಲೇ ಕೇಳುತ್ತಿದ್ದರು. ಅಕ್ಷರ ಬಾರದ ಹೆಂಗಸು ಯಾರ ಮುಂದೆಯೂ ಕಾಗದ ಹಿಡಿದು ನಿಲ್ಲಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಬಿಗುಮಾನ. ಬಾಯಿಪಾಠ ಮಾಡಿದ ಗಿಣಿ ಅದು ಎನ್ನುತ್ತಿದ್ದೆ. "ರೀ, ಅದಕ್ಕೂ ಒಸಿ ಮರ್ಯಾದೆ ಕೊಟ್ಟು ಮಾತಾಡ್ಸಿ" ಎಂದು ಮಂಗಳ ಗದರುತ್ತಿದ್ದಳು.

ನಾನು ಮನಸಾರೆ ಮೆಚ್ಚಿದ್ದ ಆ್ಯಪು ಒಂದೇ. ಅದು ನಮ್ಮ ಬೋರ್‌ವೆಲ್ ಮೋಟಾರಿನದು. ಕುದೇರಿನಲ್ಲಿ ನಮ್ಮ ಜಮೀನಿದೆ. ಬೇಸಾಯ ಮಾಡುವವನು ನನ್ನ ತಮ್ಮ ನಂಜುಂಡ. ಅವನದು ಬಟನ್ ಫೋನು, ಹಾಗಾಗಿ ಆ್ಯಪು ನನ್ನ ಫೋನಿನಲ್ಲಿತ್ತು. ಚಾಮರಾಜನಗರದಲ್ಲಿ ಕೂತು ಒತ್ತಿದರೆ ಕುದೇರಿನಲ್ಲಿ ಮೋಟಾರು ಓಡುತ್ತಿತ್ತು. 'ಆಟೋ' ಎಂದು ಇಟ್ಟುಬಿಟ್ಟರೆ ಒತ್ತುವುದೂ ಬೇಡ, ತ್ರೀ ಫೇಸ್ ಕರೆಂಟು ಬಂದ ಗಳಿಗೆಗೆ ಮೋಟಾರು ತಾನಾಗಿ ಶುರುವಾಗುತ್ತಿತ್ತು. ಪಾಳಿಯ ಪ್ರಕಾರ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಬರುವ ನಮ್ಮ ಕಡೆ ಇದೊಂದು ದೊಡ್ಡ ಉಪಕಾರ. ಬ್ಯಾಟರಿ ಹಿಡಿದುಕೊಂಡು ಹಾವು ಹುಳ ತುಳಿಯುತ್ತಾ ಹೊಲಕ್ಕೆ ಓಡುವುದು ನಂಜುಂಡನಿಗೆ ತಪ್ಪಿತ್ತು. ರಿಪೇರಿಗೆಂದು ಮೋಟಾರಿಗೆ ಕೈಹಾಕುವ ಮೊದಲು ಮಾತ್ರ ಅವನು ತಪ್ಪದೆ ನನಗೆ ಫೋನು ಮಾಡಿ, "ಅಣ್ಣ, ಆಟೋ ತಗ್ದ್‌ಬುಡು" ಎನ್ನುತ್ತಿದ್ದ. ನಾನು ತೆಗೆಯುತ್ತಿದ್ದೆ.

ಅವತ್ತು ಗುಂಡ್ಲುಪೇಟೆಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ಸಂಜೆಯವರೆಗೆ ಎಂದಿದ್ದದ್ದು ಮಧ್ಯಾಹ್ನಕ್ಕೇ ಮುಗಿಯಿತು. ಮನೆಗೆ ಹೋಗಿ ಉಂಡರಾಯಿತು ಎಂದು ಚಾಮರಾಜನಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು ಮಡಿಲಲ್ಲಿ ವೀಳ್ಯದೆಲೆಯ ಗಂಟು ಇಟ್ಟುಕೊಂಡು ಕೂತಿದ್ದರು. ಆ ವಾರ ಕುದೇರಿನ ಕಡೆ ಕರೆಂಟು ರಾತ್ರಿ ಪಾಳಿ. ಹಾಗಾಗಿ ಮೋಟಾರು ಆಟೋದಲ್ಲೇ ಇತ್ತು.

ಬಸ್ಸು ಊರು ದಾಟಿ ಸ್ವಲ್ಪ ದೂರ ಬಂದಿರಬೇಕು. ಜೇಬಿನಲ್ಲಿದ್ದ ಫೋನು, "ಮೋಟಾರಿನ ಆಟೋ ತೆಗೆಯಿರಿ" ಎಂದಿತು. ಮನೆಯಲ್ಲಿ ದಿನವೂ ಕೇಳುವ ಅದೇ ಹೆಣ್ಣುದನಿ, ಸ್ಪಷ್ಟವಾದ ಕನ್ನಡ. ಮಂಗಳ ಏನೋ ಜ್ಞಾಪಕಕ್ಕೆ ಹಾಕಿಟ್ಟಿದ್ದಾಳೆ ಎಂದುಕೊಂಡು, ಜೇಬಿನ ಮೇಲಿನಿಂದಲೇ ಬಟನ್ ಒತ್ತಿ ಸುಮ್ಮನಾಗಿಸಿದೆ. ತೆರಕಣಾಂಬಿ ಹತ್ತಿರ ಬರುವಾಗ ಮತ್ತೆ ಅದೇ ಮಾತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಮತ್ತೆ ಒತ್ತಿದೆ. ಎರಡು ನಿಮಿಷವೂ ಆಗಿರಲಿಲ್ಲ, ಮೂರನೆಯ ಸಲ ಹೇಳಿತು. ಟಿಕೆಟು ಹರಿಯುತ್ತಿದ್ದ ಕಂಡಕ್ಟರು, "ಸಾರ್, ಯಾರೋ ಕರೀತಾವ್ರೆ ನೋಡಿ" ಎಂದು ನಕ್ಕ. ನನಗೆ ನಾಚಿಕೆಯಾಗಿ ಫೋನು ತೆಗೆದು ಪೂರಾ ಆಫ್ ಮಾಡಲು ಹೊರಟೆ. ಆಗ ಪಕ್ಕದ ಹೆಂಗಸು ನನ್ನ ಮೊಣಕೈ ಮುಟ್ಟಿದರು.

"ಅದೇನೋ ತಗಿ ಅಂತ ಆಗಿಂದ ಬಡ್ಕತಾ ಅದೆ ಕಣಪ್ಪ. ತಗ್ದ್‌ಬುಡು ಅತ್ಲಾಗೆ. ನಿನ್ ಗಂಟೇನೋದದು?"

ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆ ತಾಯಿಯ ಮಾತಿಗೆ ಕಟ್ಟುಬಿದ್ದು, ಬಸ್ಸಿನವರ ನಗು ನಿಂತರೆ ಸಾಕು ಎಂದು, ಆ್ಯಪು ತೆರೆದು ಆಟೋ ತೆಗೆದೆ. ಅವರು ತೆರಕಣಾಂಬಿಯಲ್ಲಿ ಇಳಿದು ಹೋದರು.

ಐದಾರು ನಿಮಿಷ ಕಳೆದಿರಬಹುದು. ತ್ರೀ ಫೇಸ್ ಕರೆಂಟು ಬಂದಿದೆ ಎಂದು ಆ್ಯಪಿನಲ್ಲಿ ಸಂದೇಶ ಬಂತು. ಹಗಲಲ್ಲಿ, ಪಾಳಿಯೇ ಅಲ್ಲದ ಹೊತ್ತಿನಲ್ಲಿ! ಸುಮ್ಮನೆ ಬಂದ ಕರೆಂಟು, ಅರಿಸಿನಕ್ಕೆ ಒಂದಿಷ್ಟು ನೀರಾದರೂ ಹರಿಯಲಿ ಎಂದು ಮೋಟಾರು ಆನ್ ಮಾಡಲು ಬೆರಳು ಮುಂದೆ ಮಾಡಿದೆ. ಅಷ್ಟರಲ್ಲಿ ನಂಜುಂಡನ ಹೆಸರು ಫೋನಿನ ತುಂಬಾ ಬಂತು.

ಎತ್ತಿದೆ. "ಅಣ್ಣೋ, ಆಟೋ ನೀನೇ ತಗ್ದಾ? ಬರೀ ಕೈಲಿ ವೈರ್ ಹಿಡ್ಕಂಡು ಕುಂತಿದ್ದೆ ಕಣಣ್ಣ. ಕರಂಟ್ ಬಂದ್‌ಬುಡ್ತು."

ಬೋರಿನ ಬಾಯಲ್ಲಿ ಕೇಬಲ್ಲಿನ ಜಾಯಿಂಟು ಸುಟ್ಟುಹೋಗಿತ್ತಂತೆ. ರಾತ್ರಿ ಪಾಳಿಗೆ ಮುಂಚೆ ಸರಿಮಾಡೋಣ ಎಂದು ಬರಿಗಾಲಲ್ಲಿ ಹಸಿ ಮಣ್ಣಿನ ಮೇಲೆ ಕೂತು, ವೈರು ಹೆರೆದು, ತುದಿಗಳನ್ನು ಎರಡೂ ಕೈಯಲ್ಲಿ ಹೊಸೆಯುತ್ತಿದ್ದ. ಪಕ್ಕದ ಹೊಲದ ಮೋಟಾರು ಗುರ್ ಎಂದು ಶುರುವಾಗಿ ಪೈಪಿನಲ್ಲಿ ನೀರು ಬಿದ್ದದ್ದು ಕೇಳಿಸಿತು. ತಲೆ ಎತ್ತಿದರೆ ನಮ್ಮ ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ನಮ್ಮದು ಆಟೋದಲ್ಲಿದ್ದಿದ್ದರೆ ಅದೇ ಗಳಿಗೆಯಲ್ಲಿ ಅವನ ಕೈಯಲ್ಲಿದ್ದ ತಂತಿಗೆ ಕರೆಂಟು ಹರಿಯುತ್ತಿತ್ತು. ಮುಂದಿನದನ್ನು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಚಿಕ್ಕದಕ್ಕೆ ಆಗ ಏಳು ವರ್ಷ.

ಪ್ಯಾನೆಲ್ಲಿನ ಫ್ಯೂಸು ತೆಗೆಯಬಾರದಿತ್ತೇ ಎಂದು ನೀವು ಕೇಳಬಹುದು. ಫ್ಯೂಸು ಇದ್ದರೆ ತಾನೇ? ಅದು ಸುಟ್ಟುಹೋಗಿ, ಎಲ್ಲರ ಹಾಗೆ ನಾವೂ ತಂತಿ ಸುತ್ತಿ ಡೈರೆಕ್ಟ್ ಕೊಟ್ಟಿದ್ದೆವು. ವಿಜ್ಞಾನದ ಮೇಷ್ಟ್ರ ಮನೆಯ ಪ್ಯಾನೆಲ್ಲು ನೋಡಿ! ಟ್ರಾನ್ಸ್‌ಫಾರ್ಮರಿನಲ್ಲಿ ಕಿತ್ತರೆ ಎಂಟು ಜನರ ಮೋಟಾರಿಗೆ ಕುತ್ತು, ಎಂಟು ಜನರ ಬೈಗುಳ. ಪಾಳಿ ಇಲ್ಲದ ಹೊತ್ತಿನಲ್ಲಿ ಹಾಗೇ ಕೈಹಾಕುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ನನಗಾದರೂ ಯಾಕೆ ಫೋನು ಮಾಡಲಿಲ್ಲ ಎಂದು ರೇಗಿದೆ. "ನೀನು ಮೀಟಿಂಗ್ನಲ್ಲಿ ಇದ್ದೀಯ, ಯಾಕ್ ತೊಂದ್ರೆ ಕೊಡದು ಅಂದ್ಕಂಡೆ" ಎಂದ. ನನ್ನ ಮೇಲಿನ ಮರ್ಯಾದೆಯೇ ಅವನ ಜೀವ ತೆಗೆಯುತ್ತಿತ್ತು.

ಆಮೇಲೆ ಅವನು ಕೇಳಿದ, "ನಿಂಗೆ ಹೆಂಗ್ ಗೊತ್ತಾಯ್ತಣ್ಣ?"

ಬಸ್ಸಿನ ತುಂಬಾ ಜನ. ಗಿಣಿ ಎಂದು ಹಂಗಿಸಿದವನು ನಾನು. ಫೋನು ಹೇಳಿತು ಎನ್ನಲು ನಾಲಗೆ ಏಳಲಿಲ್ಲ. "ಯಾಕೋ ನಿನ್ನ ನೆನಪಾಯ್ತು ಕಣ್ಲಾ" ಎಂದುಬಿಟ್ಟೆ.

ಮನೆಗೆ ಬಂದವನೇ ಮಂಗಳಳನ್ನು ಕೇಳಿದೆ. ತಾನು ಅಂಥದ್ದೇನೂ ಹಾಕಿಲ್ಲ ಎಂದು ಮಾದಪ್ಪನ ಮೇಲೆ ಆಣೆ ಮಾಡಿದಳು. ಫೋನಿನ ಜ್ಞಾಪಕದ ಪಟ್ಟಿ ತೆರೆದೆವು. ನನ್ನ ಬೀಪಿ ಮಾತ್ರೆ, ಗ್ಯಾಸ್ ಬುಕ್ ಮಾಡುವುದು, ದೋಸೆಗೆ ಅಕ್ಕಿ ನೆನೆಹಾಕುವುದು, ಅಷ್ಟೇ. ಮೋಟಾರಿನ ಹೆಸರೇ ಇಲ್ಲ. ಫೋನು ಏನೇನು ಮಾತಾಡಿದೆ ಎಂಬ ಲೆಕ್ಕವೂ ಅದರೊಳಗೇ ಇರುತ್ತದಂತೆ. ಆ ಮಧ್ಯಾಹ್ನದ ಜಾಗ ಖಾಲಿ. ಮೋಟಾರಿನ ಆ್ಯಪಿನವರಿಗೆ ಫೋನು ಮಾಡಿದೆ. ನಮ್ಮದು ಬರೀ ಸಂದೇಶ ಕಳಿಸುತ್ತದೆ ಸಾರ್, ಮಾತಾಡುವುದಿಲ್ಲ ಎಂದರು. ಎಂದೋ ನಾನೇ ಹೇಳಿಟ್ಟು ಮರೆತಿರಬಹುದೇ? ರಾತ್ರಿ ಪಾಳಿಯ ವಾರದಲ್ಲಿ ನಡುಹಗಲು ಆಟೋ ತೆಗೆ ಎಂದು ನಾನು ಯಾಕೆ ಹೇಳಲಿ? ನಮ್ಮ ಅಭ್ಯಾಸ ನೋಡಿ ಅದೇ ಕಲಿತುಕೊಂಡಿತೇ? ರಾತ್ರಿ ಪಾಳಿಯ ವಾರ ಹಗಲೂ ಆಟೋ ಹಾಕೇ ಇಡುವುದು ನಮ್ಮ ಅಭ್ಯಾಸ, ಅದಕ್ಕೆ ತದ್ವಿರುದ್ಧ. ನನಗೆ ಭ್ರಮೆ ಎನ್ನೋಣವೆಂದರೆ ಕಂಡಕ್ಟರು ಕೇಳಿಸಿಕೊಂಡಿದ್ದ, ಎಲೆಯ ಗಂಟಿನ ತಾಯಿ ಕೇಳಿಸಿಕೊಂಡಿದ್ದರು. ಕೊನೆಗೆ ಫೋನನ್ನೇ ನೂರು ವಿಧವಾಗಿ ಕೇಳಿದೆ. ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ ಎಂದು ಪ್ರತಿ ಸಲವೂ ವಿನಯದಿಂದ ಹೇಳಿತು. ನನ್ನ ಸ್ಥಿತಿಯೂ ಅದೇ ಆಗಿತ್ತು.

ಆ ವಾರವೇ ಹೊಸ ಮೇನ್ ಸ್ವಿಚ್ಚು, ಹೊಸ ಫ್ಯೂಸು ಹಾಕಿಸಿದೆವು. ಫೋನಿನ ಜೊತೆ ಈಗ ನಾನೂ ಮರ್ಯಾದೆಯಿಂದ ಮಾತಾಡುತ್ತೇನೆ. ಅದರಿಂದ ಆಗುವ ಉಪಕಾರಗಳನ್ನು ಮಕ್ಕಳ ಮುಂದೆ ಬಾಯ್ತುಂಬಾ ಹೊಗಳುತ್ತೇನೆ. ಹಾಗೆ ಹೊಗಳುವಾಗ ಈ ಒಂದು ಉಪಕಾರವನ್ನು ಮಾತ್ರ ಬಾಯಿ ಬಿಟ್ಟು ಹೇಳಿಲ್ಲ, ಯಾರಿಗೂ ಹೇಳಬೇಡ ಎಂದು ಮಂಗಳಳಿಗೂ ಹೇಳಿದ್ದೇನೆ. ಯಾಕೆಂದರೆ ಅಷ್ಟರಲ್ಲಿ ತಮ್ಮನ ನೆನಪಾಯ್ತು ಎಂದಿದ್ದ ನನ್ನ ಮಾತು ಊರೆಲ್ಲಾ ಹರಡಿಬಿಟ್ಟಿತ್ತು. ಕುದೇರಿಗೆ ಹೋದಾಗಲೆಲ್ಲ ನಂಜುಂಡ ಬಂದ ನೆಂಟರಿಗೆ ಹೇಳುತ್ತಾನೆ, "ನಮ್ಮಣ್ಣ ಬಸ್ಸಲ್ಲಿ ಕುಂತಿದ್ರೂವೆ ನನ್ ಮ್ಯಾಲೇ ಗ್ಯಾನ ಮಡಗಿರ್ತನೆ." ಅವನ ಹೆಂಡತಿ ಗೌರಿ ಕಣ್ಣೊರೆಸಿಕೊಂಡು ನನ್ನ ಎಲೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಾಳೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.

ನಿಜ ಹೇಳುತ್ತೇನೆ. ಆ ಹೊತ್ತಿನಲ್ಲಿ ನಾನು ಕಿಟಕಿಯಾಚೆ ಚೆಂಡುಹೂವಿನ ಹೊಲ ನೋಡುತ್ತಾ, ಮನೆಯಲ್ಲಿ ಸಾರು ಏನು ಮಾಡಿರಬಹುದು ಎಂದು ಯೋಚಿಸುತ್ತಿದ್ದೆ. ತಮ್ಮ ನನ್ನ ಮನಸ್ಸಿನ ಹತ್ತಿರದಲ್ಲೂ ಇರಲಿಲ್ಲ. ಅವನನ್ನು ಯಾರೋ ನೆನೆದರು, ಮೂರು ಸಲ ನನ್ನನ್ನು ಕೂಗಿದರು. ಅದು ಯಾರು, ಏನು ಎಂಬುದು ನನಗೆ ಇವತ್ತಿಗೂ ತಿಳಿಯದು. ನಾನಂತೂ ಅಲ್ಲ.